ಕುರಿಯ ಅಭಿಪ್ರಾಯ ಕೇಳುತ್ತಿದ್ದ ಮಾಮು

ನನ್ನ ಮಾಮು ಬಕ್ರೀದ್‌ಗೆ ಕುರಿ ಕೊಳ್ಳುವ ಮುಂಚೆ ಆ ಕುರಿಯ ಅಭಿಪ್ರಾಯ ಕೇಳುತ್ತಿದ್ದರು. ನೀವು ನಗಬಹುದು. ನಾವೂ ನಕ್ಕಿದ್ದೇವೆ, ಕುರಿ ಮಾರುವವರು ನಕ್ಕಿದ್ದಾರೆ, ಪಕ್ಕದಲ್ಲಿ ಕುರಿ ನೋಡಲು ಬಂದವರು ತಮ್ಮ ಕುರಿ ಬಿಟ್ಟು ನಮ್ಮ ಕಡೆ ತಿರುಗಿ ನಕ್ಕಿದ್ದಾರೆ. ನಗದೆ ಉಳಿದ ಜೀವಗಳು ಎರಡೇ. ಒಂದು ಮಾಮು, ಇನ್ನೊಂದು ಕುರಿ!

ಮಾಮು ಅಂದರೆ ನನ್ನ ತಾಯಿಯ ಅಣ್ಣ. ಜಯನಗರದ ಪಕ್ಕ ತಿಲಕ್‌ನಗರದ ಒಂದು ಗಲ್ಲಿಯಲ್ಲಿ ಅವರದು ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ನನಗೆ ಏಳು ವರ್ಷವಿದ್ದಾಗ ನನ್ನ ತಂದೆ ತೀರಿಕೊಂಡರು. ಅಮ್ಮ ನನ್ನನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದಳು. ಅಂದಿನಿಂದ ನಾನು ಆ ಅಂಗಡಿಯ ಕಾಜಾ ಮತ್ತು ಗುಂಡಿ ಇಲಾಖೆಯ ಮುಖ್ಯಸ್ಥೆ. ಅಮ್ಮ ತೀರಿಹೋದಳು, ನನಗೆ ಮದುವೆಯಾಯಿತು, ಎರಡು ಗಲ್ಲಿ ಆಚೆ ಮನೆ ಮಾಡಿದೆ, ಆದರೂ ಇಲಾಖೆ ಬಿಡಲಿಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಮನೆಯಲ್ಲಿ ನಾವಾಡುವುದು ನಮ್ಮ ಬೆಂಗಳೂರು ಉರ್ದು. ಬರೆಯಲು ಬರುವುದು ಕನ್ನಡ. ಹಾಗಾಗಿ ಮನೆಯ ಮಾತುಗಳನ್ನೂ ಇಲ್ಲಿ ಕನ್ನಡದಲ್ಲೇ ಆಡಿಸಿದ್ದೇನೆ.

ಮಾಮು ಸಕಲ ಜೀವಿಗಳನ್ನೂ ಸಕಲ ವಿಷಯದಲ್ಲೂ ಕೇಳಿಯೇ ಮುಂದೆ ಹೆಜ್ಜೆ ಇಡುತ್ತಿದ್ದರು. ಅಂಥವರು ಒಂದು ವಿಷಯದಲ್ಲಿ ಮಾತ್ರ ನಮ್ಮನ್ನು ಯಾರನ್ನೂ ಕೇಳಲಿಲ್ಲ. ನಿಜವಾಗಿ ಕೇಳಲೇಬೇಕಾಗಿದ್ದ ವಿಷಯ ಅದೊಂದೇ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇದನ್ನು ಬರೆಯುತ್ತಿರುವುದೂ ಆ ಸಿಟ್ಟಿನಲ್ಲೇ. ನಡುವೆ ನಗು ಬಂದರೆ ತಪ್ಪು ನನ್ನದಲ್ಲ, ಅವರದು.

ಕಳೆದ ಬಕ್ರೀದ್‌ಗೆ ಎರಡು ದಿನವಿತ್ತು. ಎಲ್ಲವೂ ಎಂದಿನಂತಿದ್ದ ದಿನ ಅದೇ ಕೊನೆಯದು. ಬೆಳಿಗ್ಗೆ ಹತ್ತಕ್ಕೆ ಮಾಮು ಮತ್ತು ನಾನು ಆಟೊ ಹಿಡಿದು ಹುಳಿಮಾವಿನ ಕಡೆ ಹೊರಟೆವು. ಹಬ್ಬದ ವಾರ ಬನ್ನೇರುಘಟ್ಟ ರಸ್ತೆಯ ಖಾಲಿ ಸೈಟುಗಳಲ್ಲೆಲ್ಲ ಕುರಿಗಳು ನಿಂತಿರುತ್ತವೆ. ಆಟೊ ಹತ್ತುವ ಮುಂಚೆ ಮಾಮು ಡ್ರೈವರನ್ನು ಕೇಳಿದರು:

“ಗುರು, ಯಾವ ರೋಡಲ್ಲಿ ಹೋದ್ರೆ ನಿನಗೆ ಬೇಜಾರಾಗಲ್ಲ?”

“ಇಪ್ಪತ್ತು ವರ್ಷದಿಂದ ಓಡಿಸ್ತಾ ಇದೀನಿ ಸಾರ್, ಇದನ್ನ ಯಾರೂ ಕೇಳಿಲ್ಲ. ಎಲ್ಲಾ ರೋಡೂ ಬೇಜಾರೇ.”

“ಹಾಗಾದ್ರೆ ಕಮ್ಮಿ ಬೇಜಾರಿನ ರೋಡಲ್ಲಿ ನಡಿ.”

ಆತ ಎಷ್ಟು ಸಂತೋಷಪಟ್ಟನೆಂದರೆ, ದಾರಿಯುದ್ದಕ್ಕೂ ತನ್ನ ಸಂಸಾರದ ಬೇಜಾರುಗಳನ್ನೆಲ್ಲ ಹೇಳಿದ. ಮಾಮು ಅವುಗಳ ಬಗ್ಗೆಯೂ ಆತನ ಅಭಿಪ್ರಾಯವನ್ನೇ ಕೇಳಿದರು!

ಕುರಿ ಕೊಳ್ಳಲು ಹೋಗುವವರು ಸಾಮಾನ್ಯವಾಗಿ ಕೈ ಬೀಸಿಕೊಂಡು ಹೋಗುತ್ತಾರೆ. ಮಾಮು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು, ಜೇಬಿನಲ್ಲಿ ಸಣ್ಣ ಟಾರ್ಚ್ ಇಟ್ಟುಕೊಂಡು ಹೋಗುತ್ತಿದ್ದರು. ಕುರ್ಬಾನಿಯ ಕುರಿಗೆ ನಿಯಮಗಳಿವೆ. ವಯಸ್ಸು ತುಂಬಿರಬೇಕು, ಅದಕ್ಕೆ ಹಲ್ಲು ನೋಡುತ್ತಾರೆ. ಕುಂಟಬಾರದು, ಕಣ್ಣು ಎರಡೂ ಸರಿಯಿರಬೇಕು, ಕಿವಿ ಕತ್ತರಿಸಿರಬಾರದು, ಕಾಯಿಲೆ ಇರಬಾರದು. ಇಷ್ಟಕ್ಕೆ ಬೇರೆಯವರಿಗೆ ಐದು ನಿಮಿಷ ಸಾಕು. ಮಾಮುಗೆ ಒಂದು ಬೆಳಗು ಬೇಕು. ಅವರು ಕುರಿಯನ್ನು ಗಿರಾಕಿಯ ಹಾಗೆಯೇ ನಡೆಸಿಕೊಳ್ಳುತ್ತಿದ್ದರು. “ಸ್ವಲ್ಪ ನಡೀರಿ. ಹಾಂ, ಈಗ ತಿರುಗಿ.” ಕುರಿಗೆ ಬಹುವಚನ! ಆಮೇಲೆ ಟೇಪು ಸುತ್ತಿ, “ಬರ್ಕೋ ಬೇಟಾ, ಎದೆ ಮೂವತ್ತನಾಲ್ಕು, ಹೊಟ್ಟೆ ನಲವತ್ತು. ಇವರಿಗೆ ಬೆಲ್ಟ್ ನಿಲ್ಲಲ್ಲ, ಲಾಡಿನೇ ಹಾಕ್ಬೇಕು” ಎನ್ನುವುದು.

ಆ ದಿನದ ಕುರಿಯವನು ಬನ್ನೂರಿನ ಕಡೆಯವನು. ಸೊಂಟಕ್ಕೆ ಕೈ ಕೊಟ್ಟು ನೋಡುತ್ತ ನಿಂತಿದ್ದ. “ಸಾಯ್ಬ್ರೇ, ಕುರಿ ತಗೊಳಕ್ ಬಂದ್ರೋ, ಹೆಣ್ ನೋಡಕ್ ಬಂದ್ರೋ?”

ಮಾಮು ಉತ್ತರ ಕೊಡದೆ ಬಗ್ಗಿ ಕುರಿಯ ಕಿವಿಯಲ್ಲಿ ಏನೋ ಹೇಳಿದರು. ಹೇಳಿ, ಹಲಸಿನ ಸೊಪ್ಪು ಹಿಡಿದುಕೊಂಡು ಕಾದರು.

“ಏನಂತೆ?” ಅಂದ ಬನ್ನೂರಿನವನು.

“ಯೋಚ್ನೆ ಮಾಡ್ತಾ ಇದೆ.”

“ಎಷ್ಟೊತ್ ಮಾಡ್ತದೆ?”

“ನಾಳಿದ್ದು ನಿನ್ನ ಕಡೀಬೇಕು ಅಂತ ಯಾರಾದ್ರೂ ಕೇಳಿದ್ರೆ ನೀನು ಎಷ್ಟೊತ್ತು ಯೋಚ್ನೆ ಮಾಡ್ತೀಯಪ್ಪ?”

ಅವನು ತನ್ನ ಕತ್ತು ಒಮ್ಮೆ ಮುಟ್ಟಿಕೊಂಡ. ಅಷ್ಟರಲ್ಲಿ ಕುರಿ ಮೂತಿ ಚಾಚಿ ಮಾಮುವಿನ ಕೈಯಿಂದ ಒಂದು ಎಲೆ ತಿಂದಿತು. ಇನ್ನೊಂದು ತಿಂದಿತು. ಮೂರನೆಯದನ್ನೂ ತಿಂದಿತು. ಮೂರು ಎಲೆ ತಿಂದರೆ ಒಪ್ಪಿಗೆ ಎಂದು ಮಾಮುವೇ ಮಾಡಿಕೊಂಡ ಕಾನೂನು. ಮನೆಯಲ್ಲಿ ಅವರ ಹೆಂಡತಿ, ನಮ್ಮ ಮಾಮಿ, ಈ ಕಾನೂನನ್ನು ಒಪ್ಪುತ್ತಿರಲಿಲ್ಲ. “ಹಸಿದಿರುತ್ತೆ ಅದು, ಹಸಿದಿದ್ರೆ ನಾನೂ ಮೂರು ಎಲೆ ತಿಂತೀನಿ” ಎನ್ನುತ್ತಿದ್ದಳು. ಆದರೆ ಒಂದು ವರ್ಷ ಒಂದು ಭಾರೀ ಟಗರು, ಎಲ್ಲ ಪರೀಕ್ಷೆ ಪಾಸಾದದ್ದು, ಎಲೆಯನ್ನು ಮೂಸಿ ಮುಖ ತಿರುಗಿಸಿಬಿಟ್ಟಿತು. ಮಾಮು ಅದರ ಬೆನ್ನು ತಟ್ಟಿ, “ಶಾಬಾಶ್, ಖುದಾ ಹಾಫಿಜ್” ಎಂದು ಹೇಳಿ ಮುಂದೆ ಹೋದರು. ಕೇಳಿದ ಮೇಲೆ ಉತ್ತರವನ್ನು ಮೀರುವ ಹಾಗಿಲ್ಲ. ಅದು ಅವರ ಎರಡನೆಯ ಕಾನೂನು. ಇದನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ನಾನು ಮರೆತಿದ್ದೆ.

ಈ ಕೇಳುವ ಚಟ ಅವರಿಗೆ ಎಲ್ಲಿಂದ ಬಂತು? ಕುರಾನಿನಿಂದ! ಹಾಗೆಂದು ಅವರೇ ಹೇಳುತ್ತಿದ್ದರು. ಪ್ರತಿ ವರ್ಷ ಹಬ್ಬದ ಹಿಂದಿನ ದಿನ, ಸಂಜೆಯ ಅಸರ್ ನಮಾಜಿನ ನಂತರ, ಮಾಮು ಅಂಗಡಿಯಲ್ಲಿ ಮಷಿನ್ ನಿಲ್ಲಿಸಿ ನಮಗೆಲ್ಲ ಹಬ್ಬದ ಕಥೆ ಹೇಳುತ್ತಿದ್ದರು. ನಮಗೆಲ್ಲ ಅಂದರೆ ಮಾಮಿ, ಅಮ್ಮ, ನಾನು, ಮತ್ತು ಹಬ್ಬದ ಬಟ್ಟೆಗೆಂದು ಬಂದು ಸಿಕ್ಕಿಹಾಕಿಕೊಂಡ ಗಿರಾಕಿಗಳು.

“ಇಬ್ರಾಹಿಮ್ ಪೈಗಂಬರರಿಗೆ ಬಹಳ ವಯಸ್ಸಾಗಿತ್ತು. ಮಕ್ಕಳಿರಲಿಲ್ಲ. ಕೇಳಿ ಕೇಳಿ ಒಬ್ಬ ಮಗ ಹುಟ್ಟಿದ. ಅಪ್ಪನ ಜೊತೆ ಓಡಾಡಿ ಕೆಲಸ ಮಾಡೋ ಅಷ್ಟು ದೊಡ್ಡವನಾದ. ಆಗ ಅಪ್ಪನಿಗೆ ಕನಸು ಬಿತ್ತು, ಮಗನನ್ನ ಕುರ್ಬಾನಿ ಕೊಡ್ತಾ ಇರೋ ಹಾಗೆ. ಪೈಗಂಬರರ ಕನಸು ಅಂದ್ರೆ ದೇವರ ಹುಕುಂ. ಈಗ ಹೇಳಿ, ಇಬ್ರಾಹಿಮ್ ಏನು ಮಾಡಿದ್ರು?”

ಎಲ್ಲರಿಗೂ ಗೊತ್ತಿದ್ದ ಕಥೆ. ಆದರೂ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಮಾಮುಗೆ ಬೇಸರ.

“ಕೇಳಿದ್ರು!” ಎಂದು ಮಾಮು ಕತ್ತರಿಯಿಂದ ಮೇಜಿಗೆ ಕುಟ್ಟುತ್ತಿದ್ದರು. “ಕಟ್ಟಿ ಹಾಕ್ಲಿಲ್ಲ, ಸುಳ್ಳು ಹೇಳಿ ಕರ್ಕೊಂಡು ಹೋಗ್ಲಿಲ್ಲ. ಮಗನೇ, ನಾನು ಹೀಗೆ ಕನಸು ಕಂಡೆ, ನಿನಗೆ ಏನನ್ನಿಸುತ್ತೆ ನೋಡು ಅಂತ ಕೇಳಿದ್ರು. ದೇವರೇ ಹುಕುಂ ಮಾಡಿದ ಮೇಲೆ ಕೇಳೋದು ಏನಿತ್ತು? ಆದ್ರೂ ಕೇಳಿದ್ರು! ಅಂಥಾ ಇಬ್ರಾಹಿಮರೇ ಕೇಳಿದ್ರು ಅಂದ್ಮೇಲೆ ನಾನು ಯಾವ ಗಿಡದ ಎಲೆ? ನಾನು ಕೇಳ್ದೆ ಯಾರ ಪ್ಯಾಂಟಾದ್ರೂ ಕಟ್ ಮಾಡ್ಬಹುದಾ?”

ಮುಂದಿನದನ್ನು ಅವರು ಮೆಲ್ಲಗೆ ಹೇಳುತ್ತಿದ್ದರು. ಅಪ್ಪಾ, ನಿಮಗೆ ಹೇಳಿದ್ದನ್ನು ನೀವು ಮಾಡಿ, ದೇವರಿಚ್ಛೆಯಿದ್ದರೆ ನಾನು ಸಹಿಸುತ್ತೇನೆ ಎಂದು ಮಗ ಉತ್ತರಿಸಿದ. ದಾರಿಯಲ್ಲಿ ಸೈತಾನ ಅಡ್ಡ ಬಂದ, ಕಲ್ಲು ಹೊಡೆದು ಓಡಿಸಿದರು. ತಂದೆ ಮಗನನ್ನು ಹಣೆ ನೆಲಕ್ಕೆ ತಾಗುವಂತೆ ಮಲಗಿಸಿದರು. ಆಗ ಕೂಗು ಕೇಳಿಸಿತು: ಸಾಕು ಇಬ್ರಾಹಿಮ್, ಕನಸನ್ನು ನಿಜ ಮಾಡಿದೆ. ಮಗನ ಬದಲಿಗೆ ಬೇರೊಂದು ಬಲಿ ಬಂತು. ನಮ್ಮ ಹಬ್ಬ ಅದರ ನೆನಪು. ಮಾಂಸ ಮೂರು ಪಾಲು: ಒಂದು ಮನೆಗೆ, ಒಂದು ನೆಂಟರಿಷ್ಟರಿಗೆ, ಒಂದು ಇಲ್ಲದವರಿಗೆ. ದೇವರಿಗೆ ಏನು? ರಕ್ತವೂ ಮುಟ್ಟುವುದಿಲ್ಲ, ಮಾಂಸವೂ ಮುಟ್ಟುವುದಿಲ್ಲ, ನಿಮ್ಮ ಮನಸ್ಸಿನ ಭಕ್ತಿಯಷ್ಟೇ ಮುಟ್ಟುತ್ತದೆ ಎಂದು ಕುರಾನಿನಲ್ಲೇ ಇದೆ. ಇಷ್ಟು ಹೇಳಿ ಮಾಮು ಗಿರಾಕಿಗಳ ಕಡೆ ತಿರುಗಿ, “ಈಗ ಹೇಳಿ, ಈ ಕಥೆ ಬಗ್ಗೆ ನಿಮ್ಮ ಅಭಿಪ್ರಾಯ?” ಎನ್ನುತ್ತಿದ್ದರು. ಪಾಪ, ಅವರ ಅಭಿಪ್ರಾಯ ಪಾಯಜಾಮ ಸಿದ್ಧವಾಗಿದೆಯೇ ಎನ್ನುವುದಷ್ಟೇ!

ಒಮ್ಮೆ ಹಾಗೆ ಸಿಕ್ಕಿಬಿದ್ದವರು ಚರ್ಚಿಗೆ ಹೋಗುವ ಒಬ್ಬ ನಿವೃತ್ತ ಮೇಷ್ಟ್ರು. ಅವರು ಬಿಡಲಿಲ್ಲ. “ಸಾಹೇಬ್ರೇ, ನಮ್ಮ ಬೈಬಲ್ಲಲ್ಲೂ ಈ ಕಥೆ ಇದೆ. ಆದ್ರೆ ನಮ್ಮಲ್ಲಿ ಆ ಮಗ ಇಸಾಕ.”

“ನಮ್ಮಲ್ಲಿ ಇಸ್ಮಾಯಿಲ್ ಅಂತೀವಿ. ಕುರಾನಿನಲ್ಲಿ ಆ ಜಾಗದಲ್ಲಿ ಹೆಸರು ಹೇಳಿಲ್ಲ. ಅದಿರ್ಲಿ ಮೇಷ್ಟ್ರೇ, ನಿಮ್ಮಲ್ಲಿ ಅಪ್ಪ ಕೇಳಿದ್ರಾ?”

“ಅಪ್ಪ ಕೇಳಲ್ಲ. ಮಗ ಕೇಳ್ತಾನೆ. ಬೆಂಕಿ ಇದೆ, ಸೌದೆ ಇದೆ, ಬಲಿಗೆ ಕುರಿ ಎಲ್ಲಿ ಅಂತ.”

ಮಾಮು ಕೊರಳ ಟೇಪು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, “ಹೋಗ್ಲಿ ಬಿಡಿ, ಯಾರೋ ಒಬ್ರು ಕೇಳಿದ್ರಲ್ಲ, ಸಾಕು” ಎಂದರು. ಮಾಮುವಿನ ಅಂದಿನ ಉಪವಾಸ ಮುಗಿಯುವವರೆಗೂ ಮೇಷ್ಟ್ರು ಕಾದು, ಇಬ್ಬರೂ ಚಹಾ ಕುಡಿದರು. ಎರಡು ಧರ್ಮಗಳ ನಡುವಿನ ಇಷ್ಟು ದೊಡ್ಡ ವ್ಯತ್ಯಾಸ ನಮ್ಮ ಗಲ್ಲಿಯಲ್ಲಿ ಒಂದು ಬೈಟು ಚಹಾದಲ್ಲಿ ಮುಗಿದುಹೋಯಿತು!

ಕಥೆಯಿಂದ ಪ್ಯಾಂಟಿಗೆ ಬಂದರೆ ಸಂಕಟ ಶುರುವಾಗುತ್ತಿತ್ತು. ಬೇರೆ ಟೈಲರುಗಳು ಅಳತೆ ತೆಗೆದು ಹೊಲಿಯುತ್ತಾರೆ. ಮಾಮು ಅಳತೆ ತೆಗೆದ ಮೇಲೆ ವಿಚಾರಣೆ ನಡೆಸುತ್ತಿದ್ದರು. “ಜೇಬು ಎಷ್ಟು ಆಳ ಬೇಕು? ಒಳಗೆ ಏನು ಇಡ್ತೀರಿ? ಕೂತಾಗ ಮೊಬೈಲ್ ಚುಚ್ಚುತ್ತಾ? ಊಟ ಆದ್ಮೇಲಿನ ಹೊಟ್ಟೆಗೆ ಹೊಲೀಲಾ, ಮುಂಚಿನ ಹೊಟ್ಟೆಗಾ?” ಕತ್ರಿಗುಪ್ಪೆಯ ಒಬ್ಬ ಹುಡುಗ ತನ್ನ ಮದುವೆಯ ಕೋಟು ಹೊಲಿಯಲು ಕೊಟ್ಟ. ಕಾಲರ್ ಬಗ್ಗೆ ಅವನ ಅಭಿಪ್ರಾಯವಾಯಿತು. ಆಮೇಲೆ, ಕೋಟನ್ನು ದಿನವೂ ನೋಡುವವಳು ಹುಡುಗಿ ತಾನೇ ಎಂದು ಅವಳ ಅಭಿಪ್ರಾಯ. ಅವಳು ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದಳು. ಅಮ್ಮ ಮದುವೆ ಸೀರೆಯ ಬಣ್ಣ ಇನ್ನೂ ನಿಶ್ಚಯವಾಗಿಲ್ಲ ಎಂದಳು. ಹುಡುಗ ಬಾಡಿಗೆ ಕೋಟಿನಲ್ಲಿ ಮದುವೆಯಾದ. ಮಾಮು ಹೊಲಿದ ಕೋಟನ್ನು ಅವನು ಹಾಕಿಕೊಂಡದ್ದು ಮಗಳ ನಾಮಕರಣಕ್ಕೆ. ಆದರೆ ಎಂಥ ಕೋಟು ಅಂತೀರಿ! ಮಗುವನ್ನು ಎತ್ತಿಕೊಂಡರೂ ಭುಜದಲ್ಲಿ ಒಂದು ಸುಕ್ಕಿಲ್ಲ. ಹಾಗೆ ಕಾಯಲು ಸಿದ್ಧರಿದ್ದ ಗಿರಾಕಿಗಳು ಕೊನೆಯವರೆಗೂ ಮಾಮುವನ್ನು ಬಿಡಲಿಲ್ಲ.

ನನ್ನ ನಿಕಾಹ್ ದಿನವೂ ಇದೇ ಗೋಳು. ನಮ್ಮಲ್ಲಿ ಮದುಮಗಳ ಪರವಾಗಿ ಒಬ್ಬರು ವಕೀಲರಾಗಿ, ಇಬ್ಬರು ಸಾಕ್ಷಿಗಳ ಜೊತೆ ಅವಳ ಕೋಣೆಗೆ ಬಂದು ಒಪ್ಪಿಗೆ ಕೇಳುತ್ತಾರೆ. ಹುಡುಗಿ ತಲೆ ತಗ್ಗಿಸಿ ಸುಮ್ಮನಿರುತ್ತಾಳೆ, ಅದೇ ಒಪ್ಪಿಗೆ ಎಂದುಕೊಂಡು ಎಲ್ಲರೂ ಹೊರಡುತ್ತಾರೆ. ನನ್ನ ವಕೀಲರು ಮಾಮು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಸಾಕ್ಷಿಗಳು ಎದ್ದರು. ಮಾಮು ಏಳಲಿಲ್ಲ.

“ಹೇಳಮ್ಮ.”

ನಾನು ಇನ್ನಷ್ಟು ತಲೆ ತಗ್ಗಿಸಿದೆ.

ಹೊರಗಿನಿಂದ ಕಾಜಿ ಸಾಹೇಬರು ಕೂಗಿದರು: “ಏನಾಯ್ತು? ಮೌನವೇ ಸಮ್ಮತಿ, ಬಂದುಬಿಡಿ.”

“ಗೊತ್ತು ಹಜ್ರತ್, ಒಪ್ತೀನಿ!” ಎಂದು ಮಾಮುವೂ ಒಳಗಿನಿಂದ ಕೂಗಿದರು. “ಆದ್ರೆ ಈ ಹುಡುಗಿ ನಮ್ಮನೆಗೆ ಬಂದಾಗಿಂದ ಮೌನವಾಗೇ ಇದ್ದಾಳೆ. ಹಾಗಂತ ಇಷ್ಟು ವರ್ಷ ನಾವು ಮಾಡಿದ್ದಕ್ಕೆಲ್ಲ ಒಪ್ಪಿದ್ಲು ಅಂತೀರಾ? ನಿನ್ನೆ ಉಪ್ಪಿಲ್ಲದ ಸಾರಿಗೂ ಸುಮ್ನೇ ಇದ್ಲು!”

ಇಡೀ ಶಾದಿ ಮಹಲ್ ನಕ್ಕಿತು. ಸಾರು ಮಾಡಿದ್ದ ಮಾಮಿ ಮಾತ್ರ ನಗಲಿಲ್ಲ. ಬಿರಿಯಾನಿ ಆರುತ್ತಿತ್ತು. ಕೊನೆಗೆ ನಾನು “ಹೂಂ” ಎಂದೆ. ಮಾಮು, “ಸಾಕ್ಷಿಗಳೇ, ಕೇಳಿಸ್ತಾ?” ಎಂದರು. ಒಬ್ಬ ಸಾಕ್ಷಿಗೆ ಕಿವಿ ಮಂದ. ನಾನು ಎರಡನೇ ಸಲ ಹೇಳಬೇಕಾಯಿತು!

ನಾನು ಮೌನಿ ಎನ್ನುವುದು ಮಾಮುವಿನ ದೊಡ್ಡ ಚಿಂತೆ. ದಿನಕ್ಕೆ ಹತ್ತು ಸಲ ನನ್ನನ್ನು ಏನಾದರೊಂದು ಕೇಳುತ್ತಿದ್ದರು. ಫ್ಯಾನ್ ಎರಡರಲ್ಲಿ ಇಡಲಾ, ಮೂರರಲ್ಲಾ? ನೀಲಿ ದಾರವಾ, ಕಪ್ಪಾ? ನಾನು “ನಿಮ್ಮಿಷ್ಟ ಮಾಮು” ಎನ್ನುತ್ತಿದ್ದೆ. “ನನ್ನಿಷ್ಟ ನನಗೆ ಗೊತ್ತು, ನಿನ್ನಿಷ್ಟ ಕೇಳಿದ್ದು!” ಎಂದು ರೇಗುತ್ತಿದ್ದರು. ಬೇರೆಯವರ ಮನೆಯಲ್ಲಿ ಬೆಳೆದ ಮಗು ಹಾಗೆಯೇ ಇರುತ್ತದೆ. ಅವರ ಮನೆ ಬೇರೆಯವರದೆಂದು ನನಗೆ ಯಾರೂ ತೋರಿಸಿಕೊಡಲಿಲ್ಲ ನಿಜ. ಆದರೂ ಏಳು ವರ್ಷಕ್ಕೆ ಕಲಿತ ಮೌನ ಬಿಡಲಿಲ್ಲ.

ಚಿಕ್ಕವಳಿದ್ದಾಗ ಒಂದೇ ಒಂದು ಸಲ ಬಾಯಿ ಬಿಟ್ಟಿದ್ದೆ. ಹಬ್ಬದ ಕಥೆ ಮುಗಿದಿತ್ತು. “ಮಾಮು, ಇಬ್ರಾಹಿಮ್ ಪೈಗಂಬರರು ಮಗನನ್ನ ಕೇಳಿದ್ರು. ಅಮ್ಮನನ್ನ ಯಾಕೆ ಕೇಳ್ಲಿಲ್ಲ?”

ಇಸ್ಮಾಯಿಲರ ತಾಯಿ ಹಾಜರಾ. ಅವರ ಅಭಿಪ್ರಾಯ ಕೇಳಿದ್ದು ನಮ್ಮ ಕಥೆಯಲ್ಲಿ ಬರುವುದಿಲ್ಲ. ಮಾಮು ಕತ್ತರಿ ಕೆಳಗಿಟ್ಟರು. ಆ ವರ್ಷ ಅವರು ಈ ಪ್ರಶ್ನೆ ಹಿಡಿದುಕೊಂಡು ವಿಲ್ಸನ್ ಗಾರ್ಡನ್‌ವರೆಗೂ ಹೋಗಿ ಸಿಕ್ಕ ಮೌಲ್ವಿ ಹಜ್ರತರನ್ನೆಲ್ಲ ಕೇಳಿಬಂದರು. ಕೊನೆಗೆ ಬಂದು ನನ್ನೆದುರು ಕುಳಿತು, “ಯಾರಿಗೂ ಸರಿಯಾಗಿ ಗೊತ್ತಿಲ್ಲ ಬೇಟಾ. ಅವರಿಗೆ ನೋವಾಗ್ಬಾರ್ದು ಅಂತ ಇರ್ಬೇಕು ಅಂತಾರೆ. ನನಗೆ ಆ ಉತ್ತರ ಇಷ್ಟ ಆಗ್ಲಿಲ್ಲ” ಎಂದರು. ನನಗೂ ಇಷ್ಟವಾಗಲಿಲ್ಲ. ಆದರೆ ನಾನು ಹೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ಮಾಮುವಿನ ಮನೆಯ ಮಹಡಿಗೆ ಬಾಗಲಕೋಟೆ ಕಡೆಯ ದಂಪತಿ ಬಾಡಿಗೆಗೆ ಬಂದರು. ಲಿಂಗಾಯತರು. ಅವರ ಯಜಮಾನರಿಗೆ ಬಿಟಿಎಂನಲ್ಲಿ ಆಫೀಸು. ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಅದುವರೆಗೆ ಹಬ್ಬದ ಕುರಿಯನ್ನು ಮೆಟ್ಟಿಲ ಕೆಳಗೆ ಕಟ್ಟುತ್ತಿದ್ದೆವು. ಆ ವರ್ಷ ಮಾಮು ಮೇಲೆ ಹೋಗಿ ಅಕ್ಕನ ಅಭಿಪ್ರಾಯ ಕೇಳಿದರು.

“ಏನ್ ಮಾಮಾ ಇದು! ನಿಮ್ಮ ಮನಿ, ನಿಮ್ಮ ಹಬ್ಬ. ನನ್ನನ್ಯಾಕ ಕೇಳಾಕ ಹತ್ತೀರಿ?”

“ನೀನು ಮೆಟ್ಲು ಹತ್ತೋಳು, ಅದಕ್ಕೇ.”

“ಖರೇನ ಹೇಳ್ಲೇನ್ರಿ? ಕಟ್ಟಬ್ಯಾಡ್ರಿ. ಬ್ಯಾರೆ ಏನಿಲ್ರಿ, ದಿನಾ ಅದರ ಮಾರಿ ನೋಡಿದ್ರ ನಾ ಅದಕ್ಕ ರೊಟ್ಟಿ ಹಾಕ್ತೀನಿ, ಒಂದು ಹೆಸರು ಇಡ್ತೀನಿ. ಆಮ್ಯಾಲ ಹಬ್ಬದ ದಿನ ನಾ ಹ್ಯಾಂಗ ಇರ್ಲಿ?”

ಕೇಳಿದ ಮೇಲೆ ಮುಗಿಯಿತು. ಮೆಟ್ಟಿಲ ಕೆಳಗೆ ಕಟ್ಟುವಂತಿಲ್ಲ. ಬೀದಿಯಲ್ಲಿ ಕಟ್ಟಿದರೆ ಕಳುವಾಗುತ್ತದೆ. ಹಾಗಾಗಿ ಮಾಮು ಕುರಿಯನ್ನು ಅಂಗಡಿಯ ಟ್ರಯಲ್ ರೂಮಿನಲ್ಲಿ ಕಟ್ಟಿದರು! ಮರುದಿನ ಬನಶಂಕರಿಯ ಒಬ್ಬ ನಿವೃತ್ತ ಅಧಿಕಾರಿ ಹೊಸ ಪ್ಯಾಂಟ್ ಹಾಕಿ ನೋಡಲು ಬಂದರು. ಪರದೆ ಸರಿಸಿ ಒಳಗೆ ಹೋದರು. ಮೂಲೆಯ ಕತ್ತಲಲ್ಲಿ ಮಲಗಿದ್ದ ಕುರಿ ಕಣ್ಣಿಗೆ ಬೀಳಲಿಲ್ಲ. “ಅಯ್ಯೋ!” ಎಂದು ಕೂಗಿ ಹೊರಗೆ ಬಂದಾಗ ಅವರ ಮೈಮೇಲೆ ಶರ್ಟು ಮತ್ತು ಚಡ್ಡಿ ಮಾತ್ರ ಇದ್ದವು. ಹೊಸ ಪ್ಯಾಂಟಿನ ಒಂದು ಕಾಲು ಕುರಿಯ ಬಾಯಲ್ಲಿತ್ತು. ಮಾಮು ಶಾಂತವಾಗಿ ಪ್ಯಾಂಟನ್ನು ಬಿಡಿಸಿ, ಟೇಪಿನಲ್ಲಿ ಅಳೆದು, “ಇನ್ನೊಂದು ಕಾಲನ್ನೂ ಇಷ್ಟಕ್ಕೇ ಕಟ್ ಮಾಡಿದ್ರೆ ವಾಕಿಂಗ್‌ಗೆ ಒಳ್ಳೆ ನಿಕ್ಕರ್ ಆಗುತ್ತೆ ಸಾರ್. ನಿಮ್ಮ ಅಭಿಪ್ರಾಯ?” ಎಂದರು. ಅವರ ಅಭಿಪ್ರಾಯವನ್ನು ನಾನಿಲ್ಲಿ ಬರೆಯಲಾರೆ. ಆಮೇಲೆ ಮಾಮು ಹೊಸ ಬಟ್ಟೆ ತಂದು ಬೇರೆ ಪ್ಯಾಂಟು ಹೊಲಿದುಕೊಟ್ಟರು. ಮುಂದಿನ ವರ್ಷದಿಂದ ಕುರಿಗೆ ಅಂಗಡಿಯ ಹಿಂದಿನ ಓಣಿಯಲ್ಲಿ ಶೀಟು ಹಾಕಿಸಿದರು.

ಹಬ್ಬದ ದಿನ ಅಕ್ಕನಿಗೆ ಶಾವಿಗೆ ಪಾಯಸ ಹೋಗುತ್ತಿತ್ತು. ಅದಕ್ಕೆಂದೇ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಡಬ್ಬಿ. ಏಲಕ್ಕಿ ಎಷ್ಟು, ದ್ರಾಕ್ಷಿ ಹಾಕಲಾ ಬೇಡವಾ ಎಂದು ಮಾಮು ಮೂರು ಸಲ ಮಹಡಿ ಹತ್ತುತ್ತಿದ್ದರು. ಹುಳಿಮಾವಿನ ಕುರಿಗೆ ಒಂದು ವರ್ಷ ಮುಂಚಿನ ಹಬ್ಬದಲ್ಲಿ ಎರಡನೇ ಸಲ ಹತ್ತುವಾಗ ನಡುವಿನ ಮೆಟ್ಟಿಲಲ್ಲಿ ಕುಳಿತುಕೊಂಡರು. “ಗ್ಯಾಸ್” ಎಂದರು. ಕೆಲವು ತಿಂಗಳ ಮೇಲೆ ಅವರ ಶರ್ಟಿನ ಜೇಬಿನಲ್ಲಿ ಸದಾ ಗ್ಯಾಸಿನ ಮಾತ್ರೆ ಇರತೊಡಗಿತು. ಗ್ಯಾಸಿನ ಮಾತ್ರೆ ಎಂದು ಅವರು ಹೇಳಿದ್ದು, ನಾವು ಕೇಳಿಕೊಂಡದ್ದು.

ಹುಳಿಮಾವಿನಿಂದ ಕುರಿ ತಂದ ಮರುದಿನ, ಅಂದರೆ ಹಬ್ಬದ ಹಿಂದಿನ ದಿನ, ಅರಫಾ ದಿನ. ಹಜ್‌ಗೆ ಹೋಗದವರು ಅಂದು ಉಪವಾಸ ಮಾಡುತ್ತಾರೆ. ಮಾಮುವೂ ಮಾಡಿದ್ದರು. ಅಂಗಡಿಯಲ್ಲಿ ಹಬ್ಬದ ಬಟ್ಟೆಯ ರಾಶಿ. ಹನ್ನೊಂದೂವರೆಯಿರಬೇಕು. ನಾನು ಕಾಜಾ ಮಾಡುತ್ತಿದ್ದೆ.

“ಬೇಟಾ, ಸ್ವಲ್ಪ ಸೆಖೆ ಅನ್ನಿಸ್ತಿದೆ. ಹಿಂದಿನ ಬಾಗಿಲು ತೆಗೀಲಾ, ಏನಂತೀಯ?”

“ನಿಮ್ಮಿಷ್ಟ ಮಾಮು” ಎಂದೆ, ತಲೆ ಎತ್ತದೆ.

“ಮತ್ತೆ ಅದೇ!” ಎಂದು ನಕ್ಕರು. ಆಮೇಲೆ ಮಷಿನ್ ಮೇಲೆ ಬಗ್ಗಿದರು. ಸೂಜಿಗೆ ದಾರ ಪೋಣಿಸುತ್ತಿದ್ದಾರೆ ಎಂದುಕೊಂಡೆ. ಎರಡು ಗುಂಡಿ ಹಾಕಿದ ಮೇಲೆ ನೋಡಿದೆ, ಹಾಗೆಯೇ ಬಗ್ಗಿದ್ದರು.

ಆಸ್ಪತ್ರೆ ಹತ್ತಿರವೇ ಇತ್ತು. ಹೋಗಿ ಪ್ರಯೋಜನವಾಗಲಿಲ್ಲ. ಹೃದಯ ಎಂದರು. ಅಸರ್ ನಮಾಜಿನ ನಂತರ ಮಣ್ಣಾಯಿತು. ಪ್ರತಿ ವರ್ಷ ಅವರು ಕಥೆ ಹೇಳುತ್ತಿದ್ದ ಹೊತ್ತು. ಮಣ್ಣಿಗೆ ನಮ್ಮ ಹೆಂಗಸರು ಹೋಗುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಜೀವಮಾನವೆಲ್ಲ ಊರಿಗೆ ಹೊಲಿದುಕೊಟ್ಟವರು ಹೊಲಿಗೆಯಿಲ್ಲದ ಬಟ್ಟೆಯಲ್ಲಿ ಹೋದರು.

ಬೆಳಗಾದರೆ ಹಬ್ಬ. ಮಸೀದಿಯಿಂದ ದೇವರು ದೊಡ್ಡವನೆನ್ನುವ ತಕ್ಬೀರ್ ಕೇಳಿಸುತ್ತಿತ್ತು. ಓಣಿಯಲ್ಲಿ ಕುರಿ ಕೂಗುತ್ತಿತ್ತು. ಮಾಮಿ ಗೋಡೆಗೊರಗಿ ಕುಳಿತಿದ್ದಳು. ನನ್ನನ್ನು ಕರೆದು, “ಕುರ್ಬಾನಿ ಮಾಡೋದಾ, ಬೇಡ್ವಾ? ನೀನೇ ಹೇಳು. ನನಗೆ ತಲೆ ಓಡಲ್ಲ” ಎಂದಳು.

ನಾನು “ನಿಮ್ಮಿಷ್ಟ” ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. “ಮಾಡೋಣ ಮಾಮಿ. ಅವರ ಹೆಸರಲ್ಲಿ.”

“ಕುರಿ ಒಪ್ಪಿತ್ತಾ?”

“ಮೂರು ಎಲೆ ತಿಂದಿತ್ತು.”

ಮಾಮಿ ಮೊದಲು ನಕ್ಕಳು. ಆಮೇಲೆ ಅತ್ತಳು. ಮೂರು ಪಾಲಾಯಿತು, ಆ ವರ್ಷ ಮನೆಯ ಪಾಲನ್ನೂ ಹೊರಗೆ ಕೊಟ್ಟೆವು. ಮೂರು ದಿನ ನಮ್ಮ ಒಲೆ ಹಚ್ಚಲು ಅಕ್ಕ ಬಿಡಲಿಲ್ಲ. ಮೇಲಿನಿಂದ ರೊಟ್ಟಿ, ಬದನೆಕಾಯಿ ಪಲ್ಯ ತಂದಿಟ್ಟು, “ಉಪ್ಪು ಸರಿ ಐತೇನ್ರಿ? ಮಾಮಾ ಇದ್ದಿದ್ರ ಮೊದ್ಲ ಕೇಳ್ತಿದ್ರು” ಎನ್ನುತ್ತಿದ್ದಳು.

ಇಪ್ಪತ್ತು ದಿನದ ಮೇಲೆ ಒಂದು ಕಾಗದ ಬೇಕಾಗಿ ನಾನು ಆಸ್ಪತ್ರೆಗೆ ಹೋದೆ. ಮಾಮಿ ಇದ್ದತ್‌ನಲ್ಲಿದ್ದಳು; ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ನಮ್ಮ ಹೆಂಗಸರು ಹೊರಗೆ ಹೋಗುವುದಿಲ್ಲ. ಹೃದಯದ ಡಾಕ್ಟರ್ ನನ್ನನ್ನು ಕೂರಿಸಿದರು. ಅವರ ಮುಂದೆ ಮಾಮುವಿನ ಹೆಸರಿನ ದಪ್ಪ ಫೈಲು. ಎಂಟು ತಿಂಗಳ ಫೈಲು!

“ನೀವು ಮಗಳಾ?”

“ತಂಗಿ ಮಗಳು.”

“ಓ, ಕಾಜಾ ಮಾಡೋರು ನೀವೇನಾ? ನಿಮ್ಮ ಬಗ್ಗೆ ಬಹಳ ಹೇಳೋರು.” ಆಮೇಲೆ ಫೈಲು ತಿರುವುತ್ತ, “ಆಪರೇಷನ್ ಮಾಡಿಸ್ಬೇಕಿತ್ತು ಅಮ್ಮ. ನಾನು ಮೊದಲ ಸಲಾನೇ ಹೇಳ್ದೆ. ಮನೇಲಿ ಎಲ್ಲರನ್ನೂ ಕೇಳಿ ಹೇಳ್ತೀನಿ ಅಂದ್ರು. ನನಗೆ ಖುಷಿ ಆಯ್ತು, ಹಾಗೆ ಹೇಳೋ ಗಂಡಸರು ಕಮ್ಮಿ. ಮುಂದಿನ ಸಲ ಬಂದಾಗ, ಎಲ್ಲರೂ ಬೇಡ ಅಂದ್ರು ಅಂದ್ಬಿಟ್ರು.”

ನಾನು ಕುರ್ಚಿಯ ಅಂಚಿಗೆ ಸರಿದೆ. ಡಾಕ್ಟರ್ ಮಾಮುವಿನ ಮಾತನ್ನೇ ಒಪ್ಪಿಸಿದರು:

“ನನ್ನ ತಂಗಿ ಮಗಳು ಜನ್ಮದಲ್ಲಿ ಅಭಿಪ್ರಾಯ ಹೇಳಿದೋಳಲ್ಲ ಡಾಕ್ಟ್ರೇ, ಅವಳೇ ಬಾಯಿಬಿಟ್ಟು ಬೇಡ ಅಂದ್ಲು, ಇನ್ನು ಮೀರೋಕೆ ಆಗಲ್ಲ ಅಂದ್ರು. ಹೋಗ್ಲಿ, ಬೇಜಾರು ಮಾಡ್ಕೋಬೇಡಿ. ಮನೆಯವರಿಗೆ ಹೆದರಿಕೆ ಇರುತ್ತೆ.”

ಅಲ್ಲ ಎಂದು ಹೇಳಬೇಕಿತ್ತು. “ಹೂಂ” ಎಂದು ಕಾಗದ ತೆಗೆದುಕೊಂಡು ಬಂದೆ. ಮಾಮಿಗೆ ಇವತ್ತಿಗೂ ಹೇಳಿಲ್ಲ. ಅಕ್ಕನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಂಜಿಕಿ ಆಗಿರಬೇಕ್ರಿ ಮಾಮಾಗ” ಎಂದಳು. “ಕೇಳಿದ್ರ ನೀವೆಲ್ಲಾ ಮಾಡಿಸ್ಕೋರಿ ಅಂತಿದ್ರಿ. ಕೇಳಿದ ಮ್ಯಾಲ ಅವರು ಮೀರೂ ಹಂಗಿಲ್ಲ. ಆ ಆಪರೇಷನ್ ಮೇಜಿನ ಮ್ಯಾಲ ಮಲಗಾಕಬೇಕು. ಅದಕ್ಕ ಕೇಳೇ ಇಲ್ಲ.”

ಇರಬಹುದು. ಎಲ್ಲರನ್ನೂ ಕೇಳುತ್ತಿದ್ದವರಿಗೆ ನಮ್ಮ ಉತ್ತರ ಮೊದಲೇ ಗೊತ್ತಿತ್ತು ಎಂದಾಯಿತು. ಎಂಟು ತಿಂಗಳು ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು, ಫ್ಯಾನ್ ಎರಡರಲ್ಲಿ ಇಡಲಾ ಮೂರರಲ್ಲಾ ಎಂದು ನನ್ನನ್ನು ಕೇಳುತ್ತ ಕುಳಿತಿದ್ದರು. ಅವರಿಗೂ ಹೆದರಿಕೆ ಇತ್ತೆನ್ನುವುದು ನನಗೆ ಹೊಳೆಯಲೇ ಇಲ್ಲ. ಅಷ್ಟು ಹತ್ತಿರ ಕುಳಿತು ಗುಂಡಿ ಹಾಕುತ್ತಿದ್ದೆ.

ನನ್ನ ಹೆಸರಿನಲ್ಲಿ ಅವರು ಡಾಕ್ಟರಿಗೆ ಹೇಳಿದ್ದು ನನ್ನ ಅಭಿಪ್ರಾಯವಲ್ಲ. ಆಪರೇಷನ್ ಮಾಡಿಸಿಕೊಳ್ಳಿ, ನಾನು ಜೊತೆಗಿರುತ್ತೇನೆ ಎನ್ನುತ್ತಿದ್ದೆ. ಗಟ್ಟಿಯಾಗಿ ಹೇಳುತ್ತಿದ್ದೆ, ಎರಡು ಸಲ ಬೇಕಿದ್ದರೆ ಎರಡು ಸಲ. ನನ್ನನ್ನು ಅವರು ಕೇಳಲಿಲ್ಲ.